ಜರ್ಮನ್ ಕಲಿಯುವವರ ಪದಸಂಚಯ

(ಬಾನುಲಿ ಭಾಷಣ)



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಕಡೆಯಿಂದ ನರ್ಸಿಂಗ್ ಓದಿದ ಹೆಣ್ಣುಮಕ್ಕಳೂ ಯಂತ್ರವಿದ್ಯೆ ಕಲಿತ ತರುಣರೂ ಜರ್ಮನ್ ಪಾಠಕ್ಕೆಂದು ಮೈಸೂರಿನ ಬಸ್ಸು ಹತ್ತುತ್ತಿರುವ ಈ ದಿನಗಳಲ್ಲಿ, ಅವರಲ್ಲಿ ಬಹುಮಂದಿ ನನ್ನೊಡನೆ ಹೇಳಿಕೊಳ್ಳುವ ಕಷ್ಟ ಒಂದೇ: ವ್ಯಾಕರಣ ಹೇಗೋ ತಲೆಗೆ ಹತ್ತುತ್ತದೆ, ಪದಗಳು ಮಾತ್ರ ನಿಲ್ಲುವುದಿಲ್ಲ. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಯ ಹೊತ್ತಿಗೆ ಅಳಿಸಿಹೋಗಿರುತ್ತದೆ. ಪುಸ್ತಕದಲ್ಲಿ ಕಂಡಾಗ ಗುರುತು ಸಿಕ್ಕುವ ಪದ ಮಾತನಾಡಬೇಕಾದಾಗ ನಾಲಗೆಗೆ ಬರುವುದಿಲ್ಲ. ಗಯಟೆ ಸಂಸ್ಥೆಯವರ ಪದಪಟ್ಟಿಗಳಂತೆ ಮೊದಲನೆಯ ಮೆಟ್ಟಿಲಾದ ಎ-1 ಪರೀಕ್ಷೆಗೆ ಸುಮಾರು 650 ಪದಗಳು, ಮೂರನೆಯದಾದ ಬಿ-1ಕ್ಕೆ ಸುಮಾರು 2,400 ಪದಗಳು ಬೇಕಾಗುತ್ತವೆ. ಅಲ್ಲಿಯ ಆಸ್ಪತ್ರೆಯಲ್ಲಿ ಪೂರ್ಣಾಧಿಕಾರದ ನರ್ಸ್ ಆಗಿ ಕೆಲಸ ಮಾಡಬೇಕಾದವಳು ಸಾಮಾನ್ಯವಾಗಿ ಅದಕ್ಕೂ ಮೇಲಿನ ಬಿ-2 ಮೆಟ್ಟಿಲನ್ನು ಏರಿರಬೇಕು. ಇಷ್ಟು ಪದಗಳನ್ನು ಒಂದೊಂದಾಗಿ, ಎಡಗಡೆ ಜರ್ಮನ್ ಬಲಗಡೆ ಇಂಗ್ಲಿಷ್ ಎಂದು ಬರೆದ ಪಟ್ಟಿಯಿಂದ ಉರುಹೊಡೆಯುವುದು ದೇಹಕ್ಕೂ ಮನಸ್ಸಿಗೂ ಆಯಾಸಕರವಾದ ಕೆಲಸ. ಅದರ ಫಲವೂ ಅಲ್ಪ.

ಪದವನ್ನು ಒಂಟಿಯಾಗಿ ಕಲಿಯಬಾರದು. ಅದರ ಲಿಂಗದೊಡನೆ, ಅದರ ಬಂಧುಬಳಗದೊಡನೆ, ಅದು ಕೆಲಸ ಮಾಡುವ ವಾಕ್ಯದೊಡನೆ ಕಲಿಯಬೇಕು. ಈ ಮಾರ್ಗಕ್ಕೆ ಬೇಕಾದ ಸಲಕರಣೆಗಳೆಲ್ಲ ಕನ್ನಡಿಗನ ಮನೆಯಲ್ಲಿಯೇ ಇವೆ ಎಂಬುದನ್ನು ತೋರಿಸಿಕೊಡುವುದೇ ಈ ಭಾಷಣದ ಉದ್ದೇಶ.

ನಾವು ಜರ್ಮನ್ ಕಲಿಯುವುದಕ್ಕೆ ಬಹುಕಾಲ ಮೊದಲೇ ಜರ್ಮನರು ನಮ್ಮ ಭಾಷೆಯನ್ನು ಕಲಿತರು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಹಾಶಯನು 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆಯನ್ನು ಹೊರಡಿಸಿ, ಅನಂತರ ಪಿರಿಯಾಪಟ್ಟಣದ ಎಲ್ಲೆ ದಾಟಿದರೆ ಸಿಕ್ಕುವ ಕೊಡಗಿನಲ್ಲಿ ನೆಲೆಸಿದನು. 1853ರಲ್ಲಿ, ಇನ್ನೂ ಇಪ್ಪತ್ತೊಂದರ ಹರೆಯದಲ್ಲಿ, ಈ ದೇಶಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಮಹಾಶಯನು ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ಬಾಳಿ, ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ, 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ನಮ್ಮ ಕೈಗಿತ್ತನು. ಆ ನಿಘಂಟನ್ನು ತೆರೆದು ನೋಡಿದವರಿಗೆ ಒಂದು ವಿಷಯ ಸ್ಫುಟವಾಗುತ್ತದೆ. ಕಿಟ್ಟೆಲನು ಪದಕ್ಕೆ ಅರ್ಥ ಬರೆದು ಮುಂದೆ ಹೋಗುವವನಲ್ಲ. ಕವಿಗಳು ಅದನ್ನು ಎಲ್ಲಿ ಪ್ರಯೋಗಿಸಿದ್ದಾರೆ, ಜನ ಅದನ್ನು ಯಾವ ಗಾದೆಯಲ್ಲಿ ಆಡುತ್ತಾರೆ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಅದರ ಒಡಹುಟ್ಟುಗಳಾವುವು ಎಂಬುದನ್ನೆಲ್ಲ ಒಟ್ಟಿಗೆ ಇಡುತ್ತಾನೆ. ಅಂದರೆ ಅವನು ಪದವನ್ನು ಅದರ ಸಂಸಾರಸಮೇತವಾಗಿ ಬರಮಾಡಿಕೊಂಡವನು. ಪಂಡಿತರ ಬಳಿ ಹಳಗನ್ನಡ ಓದುತ್ತ, ಜನಸಾಮಾನ್ಯರ ಮಾತಿಗೆ ಕಿವಿಗೊಡುತ್ತ ಕಲಿತ ಆ ಜರ್ಮನನ ಕ್ರಮವನ್ನು ಜರ್ಮನ್ ಕಲಿಯುವ ನಾವು ಅನುಸರಿಸಿದರೆ ತಪ್ಪೇನೂ ಇಲ್ಲ.

ಲಿಂಗದ ವಿಷಯವನ್ನು ಮೊದಲು ತೆಗೆದುಕೊಳ್ಳೋಣ, ಏತಕ್ಕೆಂದರೆ ನಮ್ಮವರು ಹೆಚ್ಚಾಗಿ ಸೋಲುವುದು ಅಲ್ಲಿಯೇ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುತ್ತದೆ: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕುದೆಲ್ಲ ನಪುಂಸಕ. ಜರ್ಮನಿನಲ್ಲಿ ಹಾಗಲ್ಲ. ಊಟದ ಮೇಜಿನ ಮೇಲಿರುವ ಚಮಚೆ ಪುಲ್ಲಿಂಗ, ಡೇರ್ ಲ್ಯೋಫೆಲ್. ಪಕ್ಕದ ಮುಳ್ಳುಚಮಚೆ ಸ್ತ್ರೀಲಿಂಗ, ಡೀ ಗಾಬೆಲ್. ಅದರ ಪಕ್ಕದ ಚಾಕು ನಪುಂಸಕ, ಡಾಸ್ ಮೆಸ್ಸರ್. ಹುಡುಗಿ ಎಂಬರ್ಥದ ಮೇಡ್‌ಷೆನ್ ಎಂಬ ಪದವೇ ನಪುಂಸಕಲಿಂಗದ್ದೆಂದು ಕೇಳಿದಾಗ ಪಾಠದ ಕೋಣೆಯಲ್ಲಿ ಪ್ರತಿಸಲವೂ ಗುಜುಗುಜು ಏಳುತ್ತದೆ. ಆದರೆ ಸಂಸ್ಕೃತದ ಪರಿಚಯವುಳ್ಳವರಿಗೆ ಇದರಲ್ಲಿ ಆಶ್ಚರ್ಯಕ್ಕೆ ಎಡೆಯೇ ಇಲ್ಲ. ಅಲ್ಲಿ ಹೆಂಡತಿ ಎಂಬ ಒಂದೇ ಅರ್ಥಕ್ಕೆ ಭಾರ್ಯಾ ಎಂಬುದು ಸ್ತ್ರೀಲಿಂಗ, ಕಲತ್ರ ಎಂಬುದು ನಪುಂಸಕ, ದಾರಾಃ ಎಂಬುದು ಪುಲ್ಲಿಂಗ, ಅದೂ ಬಹುವಚನ! ಲಿಂಗವು ಪದಾರ್ಥದ ಧರ್ಮವಲ್ಲ, ಪದದ ಧರ್ಮ ಎಂಬ ಈ ಕಟ್ಟಳೆ ಎರಡು ಭಾಷೆಗಳಿಗೂ ಸಮಾನ.

ಈ ತೊಡಕನ್ನು ನಮ್ಮ ಹಿರಿಯರು ಬಿಡಿಸಿಕೊಂಡ ಬಗೆ ಅತ್ಯಂತ ಸ್ವಾರಸ್ಯಕರವಾದುದು. ಪಾಠಶಾಲೆಗಳಲ್ಲಿ ಮಕ್ಕಳು ಕಂಠಸ್ಥ ಮಾಡುತ್ತಿದ್ದ ಅಮರಕೋಶಕ್ಕೆ ಅಮರಸಿಂಹನು ಇಟ್ಟ ನಿಜವಾದ ಹೆಸರು ನಾಮಲಿಂಗಾನುಶಾಸನ. ನಾಮವನ್ನೂ ಲಿಂಗವನ್ನೂ ಒಟ್ಟಿಗೆ ಬೋಧಿಸುವ ಗ್ರಂಥವದು. ಪದವನ್ನು ಮೊದಲು ಕಲಿತು ಲಿಂಗವನ್ನು ಆಮೇಲೆ ಅಂಟಿಸಿಕೊಳ್ಳುವ ಪರಿಪಾಟಿ ಅಲ್ಲಿಲ್ಲ. ಪದದ ರೂಪದಿಂದಲೋ ಸಹಚರ ಪದಗಳಿಂದಲೋ ಸ್ಪಷ್ಟವಾದ ಸೂಚನೆಯಿಂದಲೋ ಲಿಂಗವು ಪದದೊಡನೆಯೇ ಮಗುವಿನ ಕಿವಿಗೆ ಬೀಳುತ್ತಿತ್ತು. ಅದರ ಮೇಲೆ ಆ ಗ್ರಂಥದ ಪದಗಳು ಅಕಾರಾದಿಯಾಗಿಲ್ಲ. ಸ್ವರ್ಗವರ್ಗ, ವನೌಷಧಿವರ್ಗ, ಮನುಷ್ಯವರ್ಗ ಎಂದು ಲೋಕದಲ್ಲಿ ವಸ್ತುಗಳು ಹೇಗೆ ಒಟ್ಟುಗೂಡಿರುತ್ತವೆಯೋ ಹಾಗೆಯೇ ಪದಗಳೂ ಒಟ್ಟುಗೂಡಿವೆ. ಜರ್ಮನ್ ಕಲಿಯುವವರೂ ತಮ್ಮದೇ ಒಂದು ಚಿಕ್ಕ ಅಮರಕೋಶವನ್ನು ಕಟ್ಟಿಕೊಳ್ಳಲಿ. ನರ್ಸಿಗೆ ಶರೀರವರ್ಗ, ರೋಗವರ್ಗ, ಔಷಧವರ್ಗ. ಯಂತ್ರಶಾಲೆಯ ತರುಣನಿಗೆ ಆಯುಧವರ್ಗ, ಲೋಹವರ್ಗ. ಇಬ್ಬರಿಗೂ ಅಡಿಗೆಮನೆ, ಬೀದಿ, ಬಾಡಿಗೆಮನೆಗಳ ವರ್ಗಗಳು. ಪ್ರತಿಯೊಂದು ನಾಮಪದವನ್ನೂ ಡೇರ್, ಡೀ, ಡಾಸ್‌ಗಳಲ್ಲಿ ಯಾವುದು ಅದರದೋ ಅದನ್ನು ಸೇರಿಸಿಯೇ ಬರೆಯಬೇಕು, ಸೇರಿಸಿಯೇ ಗಟ್ಟಿಯಾಗಿ ಹೇಳಬೇಕು. ಜ್ವರ ಎಂದರೆ ಫೀಬರ್ ಅಲ್ಲ, ಡಾಸ್ ಫೀಬರ್. ಚುಚ್ಚುಮದ್ದು ಎಂದರೆ ಡೀ ಷ್ಪ್ರಿಟ್ಸೆ. ಗಾಯಕ್ಕೆ ಕಟ್ಟುವ ಪಟ್ಟಿ ಡೇರ್ ಫರ್‌ಬಾಂಡ್. ಕೆಲವು ಪದಾಂತಗಳು ಈ ಶ್ರಮವನ್ನು ತಗ್ಗಿಸುತ್ತವೆ: ಉಂಗ್, ಹೈಟ್, ಕೈಟ್, ಷಾಫ್ಟ್ ಎಂಬ ಪ್ರತ್ಯಯಗಳಿಂದಾದ ಪದಗಳು ಸ್ತ್ರೀಲಿಂಗ, ಆದುದರಿಂದ ರೋಗವೆಂಬರ್ಥದ ಕ್ರಾಂಕ್‌ಹೈಟ್, ಆರೋಗ್ಯವೆಂಬರ್ಥದ ಗೆಜುಂಟ್‌ಹೈಟ್, ಚಿಕಿತ್ಸೆಯೆಂಬರ್ಥದ ಬೆಹಾಂಡ್ಲುಂಗ್ ಇವುಗಳ ಲಿಂಗವನ್ನು ನೆನಪಿಡಬೇಕಾದುದೇ ಇಲ್ಲ. ಷೆನ್ ಎಂದು ಕೊನೆಯಾಗುವ ಅಲ್ಪಾರ್ಥಕ ಪದಗಳೆಲ್ಲ ನಪುಂಸಕ. ಹುಡುಗಿಯ ಪದ ನಪುಂಸಕವಾದದ್ದೂ ಆ ಷೆನ್ ಪ್ರತ್ಯಯದ ದೆಸೆಯಿಂದಲೇ.

ಸಮಾಸದ ವಿಷಯಕ್ಕೆ ಬಂದರೆ, ಅದು ಕನ್ನಡಿಗನಿಗೆ ಹಬ್ಬ. ಜರ್ಮನರ ಉದ್ದುದ್ದ ಪದಗಳನ್ನು ಕಂಡು ಇಂಗ್ಲಿಷರು ಬೆದರುತ್ತಾರೆ. ಕಾದಂಬರಿ ಪಂಪಭಾರತಗಳ ನಾಡಿನವರು ಬೆದರುವುದೇತಕ್ಕೆ? ಷ್ಮೆರ್ಟ್ಸನ್ ಎಂದರೆ ನೋವು. ಕೊಪ್ಫ್ ತಲೆ, ಬೌಖ್ ಹೊಟ್ಟೆ, ರ್ಯುಕನ್ ಬೆನ್ನು, ತ್ಸಾನ್ ಹಲ್ಲು. ಕೊಪ್ಫ್‌ಷ್ಮೆರ್ಟ್ಸನ್, ಬೌಖ್‌ಷ್ಮೆರ್ಟ್ಸನ್, ರ್ಯುಕನ್‌ಷ್ಮೆರ್ಟ್ಸನ್, ತ್ಸಾನ್‌ಷ್ಮೆರ್ಟ್ಸನ್: ತಲೆನೋವು, ಹೊಟ್ಟೆನೋವು, ಬೆನ್ನುನೋವು, ಹಲ್ಲುನೋವು. ಶರೀರವರ್ಗವನ್ನು ಕಲಿತಿರುವ ಹುಡುಗಿಗೆ ನೋವೆಂಬ ಒಂದೇ ಪದ ಹತ್ತು ಹನ್ನೆರಡು ಪದಗಳಾಗಿ ಒದಗುತ್ತದೆ, ಹೊಸದಾಗಿ ಉರುಹೊಡೆಯುವುದೇನೂ ಉಳಿಯುವುದಿಲ್ಲ. ಲಿಂಗದ ಕಟ್ಟಳೆಯೂ ಇಲ್ಲಿ ನಮ್ಮ ತತ್ಪುರುಷದಂತೆಯೇ, ಉತ್ತರಪದವೇ ಪ್ರಧಾನ. ರಕ್ತ ಎಂಬ ಬ್ಲೂಟ್ ನಪುಂಸಕ, ಒತ್ತಡ ಎಂಬ ಡ್ರುಕ್ ಪುಲ್ಲಿಂಗ. ಎರಡೂ ಕೂಡಿ ರಕ್ತದೊತ್ತಡವಾದ ಬ್ಲೂಟ್‌ಡ್ರುಕ್ ಪುಲ್ಲಿಂಗ. ರೋಗಿ ಎಂಬರ್ಥದ ಕ್ರಾಂಕನ್ ಪದಕ್ಕೆ ಮನೆಯೆಂಬರ್ಥದ ಹೌಸ್ ಸೇರಿದರೆ ಆಸ್ಪತ್ರೆ, ಗಾಡಿಯೆಂಬರ್ಥದ ವಾಗನ್ ಸೇರಿದರೆ ಆಂಬುಲೆನ್ಸು, ಸೋದರಿಯೆಂಬರ್ಥದ ಷ್ವೆಸ್ಟರ್ ಸೇರಿದರೆ ನರ್ಸು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗಳು ನರ್ಸನ್ನು ಸಿಸ್ಟರ್ ಎಂದು ಕೂಗುವಂತೆ ಅಲ್ಲಿಯ ವೃದ್ಧರೂ ಷ್ವೆಸ್ಟರ್ ಎಂದೇ ಕೂಗುವುದುಂಟು. ಆದರೆ 2020ರಿಂದ ಅಲ್ಲಿಯ ಕಾಯಿದೆಯಲ್ಲಿ ಈ ವೃತ್ತಿಯವರಿಗೆ ಪ್‌ಫ್ಲೇಗೆಫಾಖ್‌ಫ್ರೌ ಎಂಬ ಬೇರೆ ಹೆಸರು ಬಂದಿದೆ. ಅದನ್ನೂ ಹೀಗೆಯೇ ಒಡೆದು ನೋಡಬೇಕು: ಆರೈಕೆ, ವೃತ್ತಿಜ್ಞಾನ, ಸ್ತ್ರೀ. ಉದ್ದವಾದ ಪದ ಕಂಡಕೂಡಲೆ ಕೊನೆಯ ತುಂಡನ್ನು ಮೊದಲು ಹುಡುಕುವ ಅಭ್ಯಾಸವನ್ನು ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರದಿಂದಲೇ ಹೇಳಿಕೊಡುತ್ತೇನೆ.

ಕ್ರಿಯಾಪದಗಳಲ್ಲಿ ಉಪಸರ್ಗಗಳ ಆಟವಿದೆ. ಹೃ ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಪ್ರಹಾರ, ಪರಿಹಾರ, ಸಂಹಾರ ಎಂದು ಪದಗಳು ಹೊರಡುವುದನ್ನು ನಾವು ಶಾಲೆಯಲ್ಲಿಯೇ ಓದಿದ್ದೇವೆ. ಜರ್ಮನಿನ ನೇಮನ್ ಎಂಬ, ತೆಗೆದುಕೊಳ್ಳುವುದೆಂಬರ್ಥದ, ಧಾತು ಅಂಥದೇ: ಐನ್‌ನೇಮನ್ ಎಂದರೆ ಔಷಧ ಸೇವಿಸುವುದು, ಔಫ್‌ನೇಮನ್ ಎಂದರೆ ಒಳಗೆ ಸೇರಿಸಿಕೊಳ್ಳುವುದು, ಆಪ್‌ನೇಮನ್ ಎಂದರೆ ಮೈತೂಕ ಇಳಿಯುವುದು, ಪರೀಕ್ಷೆಗೆ ರಕ್ತ ತೆಗೆಯುವುದೂ ಅದೇ, ತ್ಸೂನೇಮನ್ ಎಂದರೆ ತೂಕ ಏರುವುದು. ವಿಶೇಷವೇನೆಂದರೆ ಈ ಉಪಸರ್ಗಗಳು ವಾಕ್ಯದಲ್ಲಿ ಧಾತುವನ್ನು ಬಿಟ್ಟು ಕೊನೆಗೆ ಹೋಗಿ ನಿಲ್ಲುತ್ತವೆ. ವೇದದ ಭಾಷೆಯಲ್ಲಿಯೂ ಉಪಸರ್ಗವು ಕ್ರಿಯಾಪದದಿಂದ ದೂರ ಸರಿದು ನಿಲ್ಲುವುದುಂಟೆಂದು ಬಲ್ಲವರಿಗೆ ಇದು ಹಳೆಯ ಪರಿಚಯ.

ಇದನ್ನು ಕಲಿಯುವುದಕ್ಕೆ ಹುಣಸೂರಿನ ಬಸ್ ನಿಲ್ದಾಣಕ್ಕಿಂತ ಒಳ್ಳೆಯ ಸ್ಥಳ ನನಗೆ ತಿಳಿಯದು. ಕೃಷ್ಣರಾಜನಗರದಿಂದ ಹೆಗ್ಗಡದೇವನಕೋಟೆಗೆ ಹೊರಟವರು, ಪಿರಿಯಾಪಟ್ಟಣದಿಂದ ಬಂದು ಕೋಟೆಯ ಕಡೆಗೆ ತಿರುಗುವವರು, ಅಲ್ಲಿ ಒಂದು ಬಸ್ಸಿನಿಂದ ಇಳಿದು ಇನ್ನೊಂದನ್ನು ಹತ್ತುತ್ತಾರೆ. ಷ್ಟೈಗನ್ ಎಂಬ ಒಂದು ಧಾತುವಿಗೆ ಐನ್ ಸೇರಿದರೆ ಹತ್ತುವುದು, ಔಸ್ ಸೇರಿದರೆ ಇಳಿಯುವುದು, ಉಮ್ ಸೇರಿದರೆ ಬಸ್ಸು ಬದಲಾಯಿಸುವುದು. ಕಂಡಕ್ಟರ್ ಸೀಟಿ ಊದಿ, ಕೈಚೀಲ ಹೊತ್ತ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಕಾಲಿಡುವಾಗ ಐನ್‌ಷ್ಟೈಗನ್ ಎಂದು, ಹಿಂದಿನ ಬಾಗಿಲಿನಿಂದ ಕಾಲೇಜು ಹುಡುಗರು ಧುಮುಕುವಾಗ ಔಸ್‌ಷ್ಟೈಗನ್ ಎಂದು ಮನಸ್ಸಿನಲ್ಲಿ ಹೇಳಿಕೊಂಡು, ತಾನು ಬಸ್ಸು ಬದಲಾಯಿಸುವಾಗ ‘ಇಷ್ ಷ್ಟೈಗೆ ಇನ್ ಹುಣಸೂರು ಉಮ್’ ಎಂದು ಪೂರ್ತಿ ವಾಕ್ಯವನ್ನು ತುಟಿಯಲ್ಲಾಡಿಸಿದ ವಿದ್ಯಾರ್ಥಿನಿಗೆ ಆ ಉಮ್ ಎಂಬ ಚೂರು ವಾಕ್ಯದ ತುದಿಗೆ ಹೋಗುವುದೇಕೆಂಬ ಸಂಶಯ ಮತ್ತೆ ಏಳುವುದಿಲ್ಲ. ನಾಳೆ ಫ್ರಾಂಕ್‌ಫರ್ಟಿನ ರೈಲು ನಿಲ್ದಾಣದಲ್ಲಿ ಧ್ವನಿವರ್ಧಕ ಅದೇ ಮಾತನ್ನು ಹೇಳಿದಾಗ ಅವಳಿಗೆ ಅರ್ಥ ತಾನಾಗಿ ಹೊಳೆಯುತ್ತದೆ.

ಬಂಧುಪದಗಳ ಸಹಾಯವೂ ದೊಡ್ಡದು. ನಾಮಕ್ಕೆ ನಾಮೆ, ನವಕ್ಕೆ ನೊಯ್, ಅಷ್ಟಕ್ಕೆ ಆಖ್ಟ್, ನಾಸಿಕಕ್ಕೆ ನಾಜೆ, ಮೂಷಕಕ್ಕೆ ಮೌಸ್, ವಿಧವೆಗೆ ವಿಟ್ವೆ: ಸಂಸ್ಕೃತವೂ ಜರ್ಮನೂ ಒಂದೇ ಮೂಲದ ಭಾಷೆಗಳೆಂಬುದಕ್ಕೆ ಇವು ಸಾಕ್ಷಿ. ಇಂಗ್ಲಿಷ್ ಬಲ್ಲವರಿಗೆ ಇನ್ನೊಂದು ಬೀಗದಕೈ ಇದೆ. ಇಂಗ್ಲಿಷಿನ ಪಕಾರ ಜರ್ಮನಿನಲ್ಲಿ ಅನೇಕವೇಳೆ ಫಕಾರವೋ ಪ್ಫಕಾರವೋ ಆಗುತ್ತದೆ, ಷಿಪ್ ಎಂಬುದು ಷಿಫ್, ಆಪಲ್ ಎಂಬುದು ಆಪ್ಫೆಲ್. ಟಕಾರ ಸಕಾರವೋ ತ್ಸಕಾರವೋ ಆಗುತ್ತದೆ, ವಾಟರ್ ಎಂಬುದು ವಾಸರ್, ಟೆನ್ ಎಂಬುದು ತ್ಸೇನ್. ಇಂಥ ಧ್ವನಿವ್ಯತ್ಯಯಗಳನ್ನು ನಿಯಮವಾಗಿ ನಿರೂಪಿಸಿದವನು ಯಾಕೋಬ್ ಗ್ರಿಮ್, 1822ರಲ್ಲಿ. ನಮ್ಮ ನಾಲ್ಕು ತಾಲ್ಲೂಕುಗಳ ಜನಕ್ಕೆ ಇಂಥ ನಿಯಮ ಹೊಸದೇ? ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪೆರ್ಗಡೆ ಹೆಗ್ಗಡೆಯಾಗಿ ಹೆಗ್ಗಡದೇವನಕೋಟೆಯ ಹೆಸರಿನಲ್ಲಿ ಉಳಿಯಿತು. ಪಿರಿಯಾಪಟ್ಟಣವೊಂದು ಮಾತ್ರ ಹಿರಿಯವಾಗದೆ ತನ್ನ ಹಳೆಯ ಪಕಾರವನ್ನು ಇಂದಿಗೂ ಬಿಟ್ಟಿಲ್ಲ. 

ಬಂಧುಗಳಾಗಿದ್ದೂ ಅರ್ಥದಲ್ಲಿ ದೂರವಾದ ಪದಗಳೂ ಇವೆ. ಇಂಗ್ಲಿಷಿನಲ್ಲಿ ಗಿಫ್ಟ್ ಎಂದರೆ ಉಡುಗೊರೆ. ಜರ್ಮನಿನಲ್ಲಿ ಅದೇ ಗಿಫ್ಟ್ ವಿಷ. ಔಷಧದ ಅಲಮಾರಿನ ಮುಂದೆ ನಿಲ್ಲಬೇಕಾದ ನರ್ಸಿಗೆ ಈ ಭೇದ ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಬಂಧುತ್ವವನ್ನು ನೆನಪಿನ ಊರುಗೋಲಾಗಿ ಮಾತ್ರ ಬಳಸಿ, ಅರ್ಥವನ್ನು ಕನ್ನಡದಲ್ಲಿಯೇ ಬರೆದುಕೊಳ್ಳುವುದು ಲೇಸು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಜರ್ಮನಿನಿಂದ ಇಂಗ್ಲಿಷಿಗೂ ಅಲ್ಲಿಂದ ಕನ್ನಡಕ್ಕೂ ಎರಡು ಹೊಳೆ ದಾಟುವ ಆಯಾಸವನ್ನು ಸುಮ್ಮನೆ ಏಕೆ ಪಡಬೇಕು?

ಇನ್ನು ಮರೆವಿನ ಮಾತು. ಆಕಾಶವಾಣಿ ಎಂಬ ಹೆಸರಿನಿಂದ ಮೈಸೂರಿನಲ್ಲಿ 1935ರಲ್ಲಿ ಬಾನುಲಿಯನ್ನು ಪ್ರಾರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರ ಶಾಸ್ತ್ರದ ಚರಿತ್ರೆಯಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನನಿಗೆ ಗೌರವದ ಸ್ಥಾನವಿದೆ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಗಂಟೆ, ದಿನ, ತಿಂಗಳುಗಳ ಮೇಲೆ ಮತ್ತೆ ಕಲಿತು, ಎಷ್ಟು ಶ್ರಮ ಉಳಿಯಿತೆಂದು ಅಳೆದು, 1885ರಲ್ಲಿ ಅವನು ಪ್ರಕಟಿಸಿದ ಲೆಕ್ಕದಂತೆ, ಒಂದು ದಿನ ಕಳೆಯುವುದರೊಳಗೆ ಸುಮಾರು ಮೂರರಲ್ಲಿ ಎರಡು ಪಾಲು ಸೋರಿಹೋಗಿರುತ್ತದೆ. ಅದಾದ ಮೇಲೆ ಸೋರುವ ವೇಗ ಬಹಳ ತಗ್ಗುತ್ತದೆ. ಅಂದರೆ ಮೊದಲನೆಯ ಮನನವನ್ನು ಅದೇ ದಿನ, ಎರಡನೆಯದನ್ನು ಮರುದಿನ ಮಾಡಬೇಕು. ಆಮೇಲೆ ಅಂತರವನ್ನು ಹಿಗ್ಗಿಸುತ್ತ ಹೋಗಬಹುದು. ಇದನ್ನು ಕೆಲಸಕ್ಕೆ ತರುವ ಸುಲಭ ಉಪಾಯವನ್ನು ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕನು 1972ರ ತನ್ನ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಐದು ಮನೆಗಳು. ಒಂದು ಬದಿಯಲ್ಲಿ ಜರ್ಮನ್, ಇನ್ನೊಂದು ಬದಿಯಲ್ಲಿ ಅರ್ಥ ಬರೆದ ಚೀಟಿಗಳು. ನೆನಪಾದ ಚೀಟಿ ಮುಂದಿನ ಮನೆಗೆ, ತಪ್ಪಿದ ಚೀಟಿ ಎಲ್ಲಿದ್ದರೂ ಮೊದಲನೆಯ ಮನೆಗೆ. ಮೊದಲ ಮನೆಯನ್ನು ದಿನವೂ, ಮುಂದಿನವನ್ನು ಹೆಚ್ಚುಹೆಚ್ಚು ಅಂತರದಲ್ಲಿಯೂ ನೋಡಬೇಕು. ಬ್ಯಾರನ್‌ನಲ್ಲಿ ಬೇಯಿಸಿ ಇಳಿಸಿದ ಹೊಗೆಸೊಪ್ಪನ್ನು ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಕಂಪಲಾಪುರಕ್ಕೋ ಹರಾಜಿಗೆ ಒಯ್ಯುವ ಮೊದಲು ನಮ್ಮ ರೈತರ ಮನೆಗಳಲ್ಲಿ ಹೆಂಗಸರು ಕುಳಿತು ಒಂದೊಂದೇ ಎಲೆಯನ್ನು ಕೈಯಲ್ಲಿ ಹಿಡಿದು, ಬಣ್ಣ ನೋಡಿ, ಗ್ರೇಡಿನ ಗುಡ್ಡೆಗೆ ಹಾಕುತ್ತಾರಲ್ಲವೆ, ಅಂಥ ಕೆಲಸವೇ ಇದು: ರಾಶಿಯನ್ನು ರಾಶಿಯಾಗಿ ನೋಡದೆ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ ಅದರದರ ಸ್ಥಾನದಲ್ಲಿಡುವುದು. ಮೊಬೈಲಿನಲ್ಲಿ ಇದನ್ನು ಮಾಡುವ ಸಾಧನಗಳಿವೆ. ಆದರೂ ಸ್ವಹಸ್ತದಿಂದ ಚೀಟಿ ಬರೆಯುವಾಗ ಪದವು ಒಮ್ಮೆ ಅಧಿಕವಾಗಿ ಮನಸ್ಸನ್ನು ಹಾದುಹೋಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚೀಟಿಯ ಮೇಲೆ ಬರಿಯ ಪದ ಬೇಡ, ಐದಾರು ಪದಗಳ ಒಂದು ವಾಕ್ಯವಿರಲಿ.

ಪುಸ್ತಕದ ನೆರವು ಅತ್ಯಲ್ಪವಾಗಿದ್ದರೂ ಭಾಷೆ ಬರುತ್ತದೆಂಬುದಕ್ಕೆ ಜೀವಂತ ನಿದರ್ಶನ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿದೆ. 1960ರ ದಶಕದ ಪ್ರಾರಂಭದಲ್ಲಿ ಕಾಡು ಕಡಿದು ನೆಲೆಗೊಂಡ ಟಿಬೆಟ್ಟಿನ ನಿರಾಶ್ರಿತರು ಕನ್ನಡವನ್ನು ಸಂತೆಯಲ್ಲಿ, ಮುಸುಕಿನ ಜೋಳದ ಹೊಲದಲ್ಲಿ, ಬಸ್ಸಿನಲ್ಲಿ ಕಲಿತರು. ಬೆಲೆಯ ಪದ, ತೂಕದ ಪದ, ಮಳೆಯ ಪದ ಮೊದಲು ಬಂದವು, ಏತಕ್ಕೆಂದರೆ ಅವು ಇಲ್ಲದೆ ಅಂದಿನ ದಿನ ಸಾಗುತ್ತಿರಲಿಲ್ಲ. ಜರ್ಮನ್ ಆಡುವವರು ನಮ್ಮ ಸಂತೆಯಲ್ಲಿ ಸಿಕ್ಕುವುದಿಲ್ಲ, ನಿಜ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ಕಿವಿಯಿಂದ ತುಂಬಿಕೊಳ್ಳಬಹುದು. ಡಾಯ್ಚೆ ವೆಲ್ಲೆ ಎಂಬ ಜರ್ಮನ್ ಪ್ರಸಾರಸಂಸ್ಥೆ ಪಾಠಗಳನ್ನು ಉಚಿತವಾಗಿ ಒದಗಿಸುತ್ತದೆ. ಮಿಕ್ಕುದನ್ನು ಕಲಿಯುವವರು ಒಬ್ಬರಿಗೊಬ್ಬರು ಒದಗಿಸಿಕೊಳ್ಳಬೇಕು. ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಸಾರ್ವಜನಿಕ ಗ್ರಂಥಾಲಯವಿದೆ. ಭಾನುವಾರದ ಬೆಳಿಗ್ಗೆ ನಾಲ್ಕೈದು ಮಂದಿ ಅಲ್ಲಿ ಕಲೆತು, ಆ ವಾರ ಒಂದು ವರ್ಗವನ್ನು ಗೊತ್ತುಮಾಡಿಕೊಂಡು, ಒಬ್ಬಳು ರೋಗಿಯಾಗಿ ಎಲ್ಲಿ ನೋಯುತ್ತದೆಂದು ಹೇಳಲಿ, ಇನ್ನೊಬ್ಬಳು ನರ್ಸಾಗಿ ಯಾವಾಗಿನಿಂದ ಎಂದು ಕೇಳಲಿ, ಮೂರನೆಯವಳು ಡೇರ್ ಡೀ ಡಾಸ್ ತಪ್ಪಿದಲ್ಲೆಲ್ಲ ತಡೆದು ತಿದ್ದಲಿ. ಅದೇ ಕಪಾಟಿನಲ್ಲಿ ಕಿಟ್ಟೆಲನ ನಿಘಂಟೂ ಒಂದು ಜರ್ಮನ್ ನಿಘಂಟೂ ಇರುವಂತೆ ಗ್ರಂಥಪಾಲಕರನ್ನು ಕೇಳಿಕೊಳ್ಳಲಿ. ಜರ್ಮನಿಗೆ ಹೋಗುವ ಮಕ್ಕಳಿಗಾಗಿ ಅಷ್ಟನ್ನು ಒದಗಿಸಿಕೊಡುವಂತೆ ಈ ನಾಲ್ಕು ತಾಲ್ಲೂಕುಗಳ ಗ್ರಂಥಾಲಯಗಳ ಅಧಿಕಾರಿಗಳಲ್ಲಿ ನಾನೂ ಈ ಮೂಲಕ ವಿನಂತಿಸಿಕೊಳ್ಳುತ್ತೇನೆ.